ಒಂದು ಕಣ್ಣಿಗೆ ಹೊಸ ಕ್ರೀಮು, ಇನ್ನೊಂದಕ್ಕೆ ಸಾದಾ ಕ್ರೀಮು

ಕಣ್ಣಂಚಿನ ಸುಕ್ಕಿಗೆ ಹಚ್ಚುವುದು ನಿಜಕ್ಕೂ ಕೆಲಸ ಮಾಡುತ್ತದೆಯೇ? ಮನೆಯಲ್ಲೇ ಕಂಡುಕೊಳ್ಳಲು 12 ಹಂತಗಳು

2007ರಲ್ಲಿ ಬಿಬಿಸಿಯ ‘ಹೊರೈಜನ್’ ಕಾರ್ಯಕ್ರಮ ಬ್ರಿಟನ್ನಿನ ‘ಬೂಟ್ಸ್’ ಎಂಬ ಔಷಧದಂಗಡಿಗಳಲ್ಲಿ ಸಿಗುತ್ತಿದ್ದ ಒಂದು ಸುಕ್ಕಿನ ಸೀರಮ್ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿತು. ಜನ ಮುಗಿಬಿದ್ದರು, ಅಂಗಡಿಗಳಲ್ಲಿ ದಾಸ್ತಾನು ಖಾಲಿಯಾಯಿತು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಚರ್ಮತಜ್ಞರು ಅದೇ ಸಾಲಿನ ಸೀರಮನ್ನು 60 ಜನರ ಮೇಲೆ ಆರು ತಿಂಗಳು ಪರೀಕ್ಷಿಸಿ, 2009ರಲ್ಲಿ ವರದಿ ಪ್ರಕಟಿಸಿದರು. ಸೀರಮ್ ಹಚ್ಚಿಕೊಂಡವರಲ್ಲಿ ಶೇ 43 ಮಂದಿಯ ಸುಕ್ಕು ಕಡಿಮೆಯಾಗಿತ್ತು. ಪತ್ರಿಕೆಗಳ ತಲೆಬರಹಕ್ಕೆ ಅಷ್ಟು ಸಾಕಾಯಿತು.

ಆ ವರದಿಯಲ್ಲಿ ಇನ್ನೊಂದು ಅಂಕಿಯೂ ಇತ್ತು. ಉಳಿದ ಅರ್ಧ ಗುಂಪಿಗೆ ಕೊಟ್ಟಿದ್ದು ಸುಕ್ಕಿನ ಮದ್ದೇ ಇಲ್ಲದ, ಬರೀ ಬುಡದ ಕ್ರೀಮು. ಅವರಲ್ಲೂ ಶೇ 22 ಮಂದಿಗೆ ಸುಕ್ಕು ಕಡಿಮೆಯಾದದ್ದು ಕಂಡಿತ್ತು. ಅಂದರೆ ಏನನ್ನಾದರೂ ಬಿಡದೆ ಹಚ್ಚಿದರೆ ಒಂದಷ್ಟು ಜನರ ಚರ್ಮ ಸುಧಾರಿಸಿದಂತೆ ಕಾಣುತ್ತದೆ. ತೇವಾಂಶಕ್ಕೆ ಚರ್ಮ ಉಬ್ಬುತ್ತದೆ, ಋತು ಬದಲಾಗುತ್ತದೆ, ದುಡ್ಡು ಕೊಟ್ಟು ತಂದವರ ಕಣ್ಣು ಒಳ್ಳೆಯದನ್ನೇ ಹುಡುಕುತ್ತದೆ.

ಹಾಗಾಗಿ ‘ಹಚ್ಚುವ ಮೊದಲು ಹೇಗಿತ್ತು, ಈಗ ಹೇಗಿದೆ’ ಎಂದು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ‘ಸಾದಾ ಕ್ರೀಮು ಹಚ್ಚಿದ ಕಣ್ಣಿಗಿಂತ ಇದು ಎಷ್ಟು ಮೇಲು’ ಎಂದು ಕೇಳಬೇಕು. ದೇವರು ಎರಡು ಕಣ್ಣು ಕೊಟ್ಟಿರುವುದರಿಂದ ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಮೂರರಿಂದ ನಾಲ್ಕು ತಿಂಗಳ ತಾಳ್ಮೆ, ಒಂದು ಮೊಬೈಲು, ಒಂದು ನೋಟ್‌ಬುಕ್ಕು, ಮನೆಯ ಒಬ್ಬಿಬ್ಬರ ಸಹಾಯ ಇದ್ದರೆ ಸಾಕು.

ಹಂತ 1: ನಿಮ್ಮದು ಯಾವ ಸುಕ್ಕು, ನೋಡಿಕೊಳ್ಳಿ

ಕಿಟಕಿಯ ಬೆಳಕಿನಲ್ಲಿ ಕನ್ನಡಿ ಹಿಡಿದು ಮುಖವನ್ನು ಸಡಿಲ ಬಿಡಿ. ಆಮೇಲೆ ಬಾಯಿತುಂಬ ನಕ್ಕು ನೋಡಿ. ಕಣ್ಣಂಚಿನಲ್ಲಿ ಮೂರು ಬಗೆಯ ಗೆರೆಗಳು ಸಿಗಬಹುದು.

ಮೊದಲನೆಯದು, ನಕ್ಕಾಗ ಮಾತ್ರ ಬರುವ ಗೆರೆ. ಕಣ್ಣನ್ನು ಉಂಗುರದಂತೆ ಸುತ್ತಿರುವ ಸ್ನಾಯು ಬಿಗಿಯಾದಾಗ ಮೇಲಿನ ಚರ್ಮ ಮಡಿಕೆ ಬೀಳುತ್ತದೆ. ನಗು ನಿಂತರೆ ಮಡಿಕೆಯೂ ಮಾಯ. ಎರಡನೆಯದು, ಸುಮ್ಮನಿದ್ದಾಗಲೂ ಉಳಿಯುವ ಗೆರೆ. ಕಣ್ಣಿನ ಸುತ್ತಲಿನ ಚರ್ಮ ದೇಹದಲ್ಲೇ ಅತ್ಯಂತ ತೆಳು, ಅರ್ಧ ಮಿಲಿಮೀಟರಿನ ಆಸುಪಾಸು. ಎಣ್ಣೆ ಗ್ರಂಥಿಗಳೂ ಅಲ್ಲಿ ಕಡಿಮೆ. ವಯಸ್ಸು ಮತ್ತು ಬಿಸಿಲು ಸೇರಿ ಚರ್ಮದೊಳಗಿನ ಕೊಲ್ಯಾಜೆನ್ ತಗ್ಗಿದಾಗ, ಸಾವಿರ ಸಲ ಮಡಚಿದ ಕಾಗದದಲ್ಲಿ ಗುರುತು ಕೂತಂತೆ ಗೆರೆ ಕೂತುಬಿಡುತ್ತದೆ. ಮೂರನೆಯದು, ಚರ್ಮ ಒಣಗಿದಾಗ ಏಳುವ ಕೂದಲೆಳೆಯಂಥ ಗೆರೆಗಳು. ಯಾವ ಮಾಯಿಶ್ಚರೈಸರ್ ಹಚ್ಚಿದರೂ ಇವು ಅರ್ಧ ಗಂಟೆಯಲ್ಲಿ ಮಸುಕಾಗುತ್ತವೆ.

ಕ್ರೀಮಿನ ಪರೀಕ್ಷೆ ಅರ್ಥಪೂರ್ಣವಾಗುವುದು ಎರಡನೆಯ ಬಗೆಗೆ. ಮೊದಲನೆಯದು ಸ್ನಾಯುವಿನ ಕೆಲಸವಾದ್ದರಿಂದ ಮೇಲೆ ಹಚ್ಚಿದ್ದು ಅಲ್ಲಿಗೆ ಮುಟ್ಟುವುದಿಲ್ಲ. ಅದಕ್ಕೆ ಚರ್ಮವೈದ್ಯರು ಬೊಟುಲಿನಂ ಟಾಕ್ಸಿನ್ ಚುಚ್ಚುಮದ್ದು ಕೊಡುತ್ತಾರೆ. ಹೊರ ಕಣ್ಣಂಚಿನ ಗೆರೆಗೆ ಅದನ್ನು ಬಳಸಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಒಪ್ಪಿಗೆ ಕೊಟ್ಟದ್ದು 2013ರಲ್ಲಿ. ಪರಿಣಾಮ ಮೂರು ನಾಲ್ಕು ತಿಂಗಳು. ಅದು ಸೂಜಿಯ ಕೆಲಸ, ಮನೆಯ ಪರೀಕ್ಷೆಗೆ ಸೇರಿದ್ದಲ್ಲ. ಕಣ್ಣ ಕೆಳಗಿನ ಚೀಲ, ಕಪ್ಪು ವರ್ತುಲಗಳ ಕಾರಣವೂ ಬೇರೆ, ಚಿಕಿತ್ಸೆಯೂ ಬೇರೆ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದೇ ವಾಕ್ಯ ಬರೆಯಿರಿ: ‘12 ವಾರದ ಕೊನೆಗೆ, ನಗದೇ ಇರುವಾಗ, ಹೊಸ ಕ್ರೀಮಿನ ಕಡೆಯ ಕಣ್ಣಂಚಿನಲ್ಲಿ ಗೆರೆ ಕಡಿಮೆ ಕಾಣಬೇಕು.’ ಗೆರೆ ಹೋಗದಿದ್ದಾಗ ‘ಚರ್ಮವಾದರೂ ಹೊಳೆಯುತ್ತಿದೆ’ ಎಂದು ಗುರಿಯನ್ನೇ ಬದಲಿಸಿಕೊಳ್ಳದಂತೆ ಈ ವಾಕ್ಯ ತಡೆಯುತ್ತದೆ.

ಹಂತ 2: ಈ ಪರೀಕ್ಷೆ ಯಾರಿಗೆ ಬೇಡ

ಗರ್ಭಿಣಿಯರು, ಗರ್ಭ ಧರಿಸುವ ಯೋಚನೆಯಲ್ಲಿರುವವರು ರೆಟಿನಾಲ್ ಮತ್ತು ಅದರ ಬಳಗದ ಕ್ರೀಮುಗಳಿಂದ ದೂರವಿರಬೇಕು. ಕಣ್ಣು ಒಣಗುವ ತೊಂದರೆ, ರೆಪ್ಪೆಯಂಚಿನ ಉರಿಯೂತ, ಕಣ್ಣಿನ ಸುತ್ತ ಇಸುಬು ಇರುವವರು, ಇತ್ತೀಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮೊದಲು ವೈದ್ಯರನ್ನು ಕೇಳಲಿ. ಒಂದೇ ಕಣ್ಣಿನ ರೆಪ್ಪೆ ಇದ್ದಕ್ಕಿದ್ದಂತೆ ಜೋತುಬಿದ್ದಿದ್ದರೆ, ವಾಸಿಯಾಗದ ಗಂಟೋ ಹುಣ್ಣೋ ಇದ್ದರೆ ಅದನ್ನು ಸೌಂದರ್ಯದ ವಿಷಯವೆಂದು ತಳ್ಳಿಹಾಕದೆ ಬೇಗ ತೋರಿಸಿ.

ಹಂತ 3: ಪರೀಕ್ಷೆಗೆ ಒಂದೇ ಒಂದು ಕ್ರೀಮು

ಸೀರಮ್, ಜೆಲ್, ರಾತ್ರಿ ಕ್ರೀಮು, ಕಣ್ಣಿನ ಮಾಸ್ಕು ಎಲ್ಲವನ್ನೂ ಒಟ್ಟಿಗೆ ಶುರುಮಾಡಿದರೆ ಯಾವುದು ಏನು ಮಾಡಿತೆಂದು ಬ್ರಹ್ಮನಿಗೂ ತಿಳಿಯದು. ಒಂದನ್ನು ಆರಿಸಿ, ಜಾಹೀರಾತು ಬಿಟ್ಟು ಪೊಟ್ಟಣದ ಹಿಂಬದಿ ಓದಿ.

ಘಟಕಗಳ ಪಟ್ಟಿಯಲ್ಲಿ ಹೆಚ್ಚು ಪ್ರಮಾಣದ್ದು ಮೊದಲು ಬರುತ್ತದೆ. ಸುಕ್ಕಿನ ವಿಚಾರದಲ್ಲಿ ಎಲ್ಲಕ್ಕಿಂತ ಗಟ್ಟಿ ಪುರಾವೆ ಇರುವುದು ಎ ಜೀವಸತ್ವದ ಬಳಗಕ್ಕೆ. ಅದರ ಬಲಶಾಲಿ ರೂಪವಾದ ಟ್ರೆಟಿನಾಯಿನ್ ಬಿಸಿಲಿಗೆ ಬಾಡಿದ ಚರ್ಮವನ್ನು ಸುಧಾರಿಸುತ್ತದೆ ಎಂದು ಫಿಲಡೆಲ್ಫಿಯಾದ ಆಲ್ಬರ್ಟ್ ಕ್ಲಿಗ್‌ಮನ್ 1986ರಲ್ಲಿ ತೋರಿಸಿದರು. ಎರಡು ವರ್ಷದ ನಂತರ ಮಿಷಿಗನ್ ವಿಶ್ವವಿದ್ಯಾಲಯದವರು ಮಾಡಿದ ಪ್ರಯೋಗವೇ ನಮ್ಮ ಪರೀಕ್ಷೆಗೆ ಮಾದರಿ. ಅವರು 30 ಜನರಿಗೆ ಒಂದು ಮುಂಗೈಗೆ ಟ್ರೆಟಿನಾಯಿನ್, ಇನ್ನೊಂದಕ್ಕೆ ಬರೀ ಬುಡದ ಕ್ರೀಮು ಕೊಟ್ಟು 16 ವಾರ ಹಚ್ಚಿಸಿದರು. ಮದ್ದಿನ ಕೈ ಸುಧಾರಿಸಿತು, ಇನ್ನೊಂದು ಸುಧಾರಿಸಲಿಲ್ಲ. ಬಹುತೇಕರಿಗೆ ಚರ್ಮ ಕೆರಳಿದ್ದೂ ನಿಜ. ನಮ್ಮಲ್ಲಿ ಟ್ರೆಟಿನಾಯಿನ್‌ಗೆ ವೈದ್ಯರ ಚೀಟಿ ಬೇಕು. ಸಲಹೆ ಇಲ್ಲದೆ ಅದನ್ನು ಕಣ್ಣಿನ ಬಳಿ ತರಬೇಡಿ. ಅಂಗಡಿಯಲ್ಲಿ ನೇರವಾಗಿ ಸಿಗುವ ರೆಟಿನಾಲ್ ಅದಕ್ಕಿಂತ ಸೌಮ್ಯ, ಅಷ್ಟೇ ನಿಧಾನ. ಪೆಪ್ಟೈಡ್, ನಿಯಾಸಿನಮೈಡ್, ಸಿ ಜೀವಸತ್ವ ಇರುವ ಕ್ರೀಮುಗಳನ್ನೂ ಇದೇ ಕ್ರಮದಲ್ಲಿ ಪರೀಕ್ಷಿಸಬಹುದು. ಲೋಳೆಸರ, ಬಾದಾಮಿ ಎಣ್ಣೆ, ಹರಳೆಣ್ಣೆಗೂ ಇದೇ ಕ್ರಮ. ನಿಂಬೆರಸವನ್ನು ಮಾತ್ರ ಕಣ್ಣಿನ ಹತ್ತಿರ ಸುಳಿಯಗೊಡಬೇಡಿ.

ಇವುಗಳನ್ನು ಕೊಳ್ಳಬೇಡಿ:

• ಘಟಕಗಳ ಪಟ್ಟಿ, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಇಲ್ಲದ ಡಬ್ಬಿ. ಪಾರ್ಲರಿನಲ್ಲಿ ‘ನಮ್ಮದೇ ಫಾರ್ಮುಲಾ’ ಎಂದು ಕೊಡುವ ಹೆಸರಿಲ್ಲದ ಕ್ರೀಮೂ ಇದೇ ಸಾಲಿಗೆ ಸೇರಿದ್ದು.

• ಬೀಟಾಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್ ಎಂಬ ಹೆಸರಿರುವ ಯಾವುದೇ ಕ್ರೀಮು. ಇವು ಸ್ಟೀರಾಯ್ಡ್‌ಗಳು. ಮುಖ ಬೆಳ್ಳಗಾಗುತ್ತದೆಂದು ನಮ್ಮೂರುಗಳ ಮೆಡಿಕಲ್ ಸ್ಟೋರುಗಳಲ್ಲಿ ಇವುಗಳನ್ನು ಕೇಳಿ ಒಯ್ಯುವವರಿದ್ದಾರೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಇನ್ನಷ್ಟು ತೆಳುವಾಗುತ್ತದೆ. ಕಣ್ಣಿನ ಸುತ್ತ ಹಚ್ಚಿದರೆ ಕಣ್ಣಿನೊಳಗಿನ ಒತ್ತಡ ಏರುವ, ಪೊರೆ ಬರುವ ಅಪಾಯವಿದೆ.

• ‘ಎರಡೇ ನಿಮಿಷದಲ್ಲಿ ಸುಕ್ಕು ಮಾಯ’ ಎನ್ನುವ ಕ್ರೀಮು. ಇಂಥ ಹಲವದರಲ್ಲಿ ಸೋಡಿಯಂ ಸಿಲಿಕೇಟಿನಂಥ ವಸ್ತು ಒಣಗಿ ಚರ್ಮದ ಮೇಲೆ ಬಿಗಿಯಾದ ಪೊರೆ ಕಟ್ಟುತ್ತದೆ. ತೊಳೆದರೆ ಸುಕ್ಕು ವಾಪಸ್ಸು. ಅದಕ್ಕೆ 12 ವಾರದ ಪರೀಕ್ಷೆಯ ಅಗತ್ಯವೇ ಇಲ್ಲ.

ಜಾಹೀರಾತಿನ ಮುಖ ನೋಡಿ ಮರುಳಾಗುವ ಮೊದಲು ಒಂದು ಪ್ರಕರಣ ತಿಳಿದಿರಲಿ. ಒಂದು ಕಾಲದ ಹೆಸರಾಂತ ರೂಪದರ್ಶಿ ಟ್ವಿಗಿ ಕಾಣಿಸಿಕೊಂಡಿದ್ದ ಓಲೇ ಕಂಪನಿಯ ಕಣ್ಣಿನ ಕ್ರೀಮಿನ ಜಾಹೀರಾತನ್ನು ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರ 2009ರಲ್ಲಿ ತಡೆಯಿತು. ಚಿತ್ರದಲ್ಲಿ ಆಕೆಯ ಕಣ್ಣಿನ ಸುತ್ತಲ ಭಾಗವನ್ನೇ ಕಂಪ್ಯೂಟರಿನಲ್ಲಿ ತಿದ್ದಲಾಗಿತ್ತು. ‘ಶೇ 90ರಷ್ಟು ಮಹಿಳೆಯರು ಒಪ್ಪಿದ್ದಾರೆ’ ಎಂಬಂಥ ಸಾಲುಗಳ ಅಡಿಯ ಸಣ್ಣಕ್ಷರವನ್ನೂ ಓದಿ. ಬಹಳ ಸಲ ಅದು ಅಳತೆಯಲ್ಲ, ಬಳಸಿದವರಿಗೆ ಏನನ್ನಿಸಿತು ಎಂಬ ಪ್ರಶ್ನಾವಳಿ. ಅದರಲ್ಲಿ ಸಾದಾ ಕ್ರೀಮಿನ ಗುಂಪೇ ಇರುವುದಿಲ್ಲ.

ಹಂತ 4: ಜೋಡಿಗೆ ಒಂದು ಸಾದಾ ಕ್ರೀಮು

ಇನ್ನೊಂದು ಕಣ್ಣನ್ನು ಬರಿದೇ ಬಿಟ್ಟರೆ ಹೊಸ ಕ್ರೀಮು ಸುಲಭವಾಗಿ ಗೆಲ್ಲುತ್ತದೆ, ಯಾಕೆಂದರೆ ಪೈಪೋಟಿ ಒಣ ಚರ್ಮದ ಜೊತೆ. ಆದ್ದರಿಂದ ಆ ಕಡೆಗೆ ಗ್ಲಿಸರಿನ್ ಅಥವಾ ಪೆಟ್ರೋಲಿಯಂ ಜೆಲ್ಲಿ ಇರುವ, ಪರಿಮಳವಿಲ್ಲದ, ಅಗ್ಗದ ಮಾಯಿಶ್ಚರೈಸರ್ ಇರಲಿ. ರೆಟಿನಾಲ್, ಆಮ್ಲ, ಪೆಪ್ಟೈಡ್ ಏನೂ ಬೇಡ. ದಪ್ಪ ತೆಳು ಸುಮಾರಾಗಿ ಹೊಂದಿದರೆ ಒಳ್ಳೆಯದು: ಹೊಸದು ಗಟ್ಟಿ ಕ್ರೀಮಾದರೆ ಇದೂ ಗಟ್ಟಿ, ಅದು ಜೆಲ್ ಆದರೆ ಇದೂ ಜೆಲ್.

ಹೊಸ ಕ್ರೀಮಿನಲ್ಲಿ ಸನ್‌ಸ್ಕ್ರೀನ್ ಸೇರಿಲ್ಲ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಸೇರಿದ್ದರೆ ಕೊನೆಗೆ ಕಂಡ ವ್ಯತ್ಯಾಸ ಸುಕ್ಕಿನ ಮದ್ದಿನದೋ ಬಿಸಿಲಿನ ರಕ್ಷಣೆಯದೋ ಹೇಳಲಾಗದು. ರಾತ್ರಿ ಹಚ್ಚುವ ಕ್ರೀಮು ಆರಿಸಿದರೆ ಈ ಗೊಂದಲವಿಲ್ಲ.

ಹಂತ 5: ಮೊದಲು ತೋಳು, ಆಮೇಲೆ ಕಣ್ಣು

ಮೊಣಕೈ ಒಳಮಡಿಕೆಯಲ್ಲಿ ರೂಪಾಯಿ ನಾಣ್ಯದಗಲ ಜಾಗಕ್ಕೆ ಹೊಸ ಕ್ರೀಮನ್ನು ದಿನಕ್ಕೆ ಎರಡು ಸಲ, ಏಳರಿಂದ ಹತ್ತು ದಿನ ಹಚ್ಚಿ. ಒಂದೇ ದಿನ ನೋಡಿ ಬಿಟ್ಟರೆ ಸಾಲದು. ಅಲರ್ಜಿ ಕೆಲವೊಮ್ಮೆ ದಿನಗಳು ಕಳೆದ ಮೇಲೆ ಏಳುತ್ತದೆ. ಸಾದಾ ಕ್ರೀಮನ್ನೂ ಇನ್ನೊಂದು ತೋಳಿನಲ್ಲಿ ಹೀಗೇ ನೋಡಿ. ಕೆಂಪು, ತುರಿಕೆ, ಗುಳ್ಳೆ ಬಂದರೆ ಆ ಕ್ರೀಮಿನ ಕಥೆ ಅಲ್ಲಿಗೆ ಮುಗಿಯಿತು. ‘ಅಭ್ಯಾಸವಾಗುತ್ತೆ ಮೇಡಂ’ ಎನ್ನುವ ಅಂಗಡಿಯವರ ಮಾತು ಕೇಳಿ ಮುಂದುವರಿಸಬೇಡಿ.

ತೋಳು ಪಾಸಾದರೆ ಎರಡು ಮೂರು ರಾತ್ರಿ ಕಿವಿಯ ಮುಂಭಾಗದ ಚರ್ಮದಲ್ಲಿ ಚೂರು ಹಚ್ಚಿ ನೋಡಿ. ಮುಖದ ಚರ್ಮ ತೋಳಿಗಿಂತ ಬೇಗ ಮುನಿಸಿಕೊಳ್ಳುತ್ತದೆ.

ಹಂತ 6: ಎರಡು ವಾರ ಬೇರೇನೂ ಬೇಡ

ಈಗಾಗಲೇ ಬಳಸುತ್ತಿರುವ ಸುಕ್ಕಿನ ಕ್ರೀಮು, ಸ್ಕ್ರಬ್ಬು, ಆಮ್ಲದ ಸೀರಮುಗಳನ್ನು ನಿಲ್ಲಿಸಿ. ಎರಡು ವಾರ ಎರಡೂ ಕಡೆಗೆ ಸಾದಾ ಕ್ರೀಮು ಮತ್ತು ಸನ್‌ಸ್ಕ್ರೀನ್ ಮಾತ್ರ. ಹಿಂದಿನ ಕ್ರೀಮುಗಳ ತೇವ, ಕೆರಳಿಕೆ ಇಳಿದು ಎರಡು ಕಣ್ಣುಗಳೂ ಒಂದೇ ಗೆರೆಯಿಂದ ಓಟ ಶುರುಮಾಡಲಿ ಎಂಬುದು ಉದ್ದೇಶ.

ಸನ್‌ಸ್ಕ್ರೀನನ್ನು ಪರೀಕ್ಷೆ ಮುಗಿಯುವವರೆಗೂ ಬಿಡುವಂತಿಲ್ಲ, ಎರಡೂ ಕಡೆಗೂ ಸಮ. ಆಸ್ಟ್ರೇಲಿಯಾದ ನಾಂಬೂರ್ ಪಟ್ಟಣದಲ್ಲಿ 55 ವರ್ಷದೊಳಗಿನ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿದ ಅಧ್ಯಯನದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಇಷ್ಟಬಂದಾಗ ಹಚ್ಚಿದವರಿಗಿಂತ ದಿನವೂ ಹಚ್ಚಿದವರಲ್ಲಿ ಚರ್ಮ ಮುಪ್ಪಾಗುವುದು ಶೇ 24ರಷ್ಟು ಕಡಿಮೆಯಿತ್ತು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿ ತಂಪಾಗಿದ್ದರೂ ಬಿಸಿಲಿನ ಅತಿನೇರಳೆ ಕಿರಣ ತೀಕ್ಷ್ಣವೇ. ಸ್ಕೂಟರಿನಲ್ಲಿ ಓಡಾಡುವವರು ಇದನ್ನು ಮರೆಯಬಾರದು. ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಕಣ್ಣಿನ ಬಳಿ ಸಾಮಾನ್ಯವಾಗಿ ಕಡಿಮೆ ಉರಿಯುತ್ತದೆ.

ಹಂತ 7: ಫೋಟೊ ತೆಗೆಯುವುದು

ಇಡೀ ಪರೀಕ್ಷೆ ನಿಂತಿರುವುದು ಇದರ ಮೇಲೆ, ಹೆಚ್ಚು ಜನ ಎಡವುವುದೂ ಇಲ್ಲೇ. ಬೆಳಕು ಪಕ್ಕದಿಂದ ಬಿದ್ದರೆ ಪ್ರತಿ ಗೆರೆಗೂ ನೆರಳು ಹುಟ್ಟಿ ಸುಕ್ಕು ಆಳವಾಗಿ ಕಾಣುತ್ತದೆ. ಎದುರಿನಿಂದ ಬಿದ್ದರೆ ಅದೇ ಸುಕ್ಕು ಮಸುಕಾಗುತ್ತದೆ. ‘ಮೊದಲು’, ‘ನಂತರ’ ಎಂದು ತೋರಿಸುವ ಎಷ್ಟೋ ಚಿತ್ರಗಳ ಗುಟ್ಟು ದೀಪದ ಜಾಗ ಬದಲಿಸಿದ್ದೇ. ನಿಮ್ಮ ಫೋಟೊಗಳಲ್ಲಿ ಚರ್ಮದ ಹೊರತು ಮತ್ತೇನೂ ಬದಲಾಗದಂತೆ ಹೀಗೆ ಮಾಡಿ:

• ಹೊತ್ತು: ಸಂಜೆ, ರಾತ್ರಿಯ ಕ್ರೀಮು ಹಚ್ಚುವ ಮುನ್ನ. ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ನೀರು ತುಂಬಿ ಉಬ್ಬಿರುತ್ತದೆ, ಗೆರೆ ಮುಚ್ಚಿಹೋಗುತ್ತದೆ. ಸಂಜೆಯ ಹೊತ್ತಿಗೆ ಹಿಂದಿನ ರಾತ್ರಿಯ ಕ್ರೀಮಿನ ತೇವವೂ ಇಳಿದಿರುತ್ತದೆ.

• ತಯಾರಿ: ಕಾಡಿಗೆ, ಸನ್‌ಸ್ಕ್ರೀನ್ ಎಲ್ಲ ಹೋಗುವಂತೆ ಮುಖ ತೊಳೆದು, ಒತ್ತಿ ಒರೆಸಿ, ಅರ್ಧ ಗಂಟೆ ಫ್ಯಾನಿನ ಗಾಳಿಯಿಂದ ದೂರ ಕೂತಿರಿ.

• ಬೆಳಕು: ಕಿಟಕಿ ಪರದೆ ಎಳೆದು ಒಂದೇ ಬಲ್ಬು ಹಾಕಿ. ಬಲ್ಬು ಮೊಬೈಲಿನ ನೇರಕ್ಕೆ, ಸ್ವಲ್ಪ ಮೇಲಿರಲಿ; ಆಗ ಎರಡು ಕಣ್ಣಿಗೂ ಬೆಳಕು ಸಮ. ಫ್ಲ್ಯಾಶ್ ಬೇಡ. ಮಳೆಗಾಲದ ಮೋಡ, ಬೇಸಿಗೆಯ ಬಿಸಿಲು ಚಿತ್ರದೊಳಗೆ ನುಸುಳದಿರಲು ಕಿಟಕಿಯ ಬೆಳಕನ್ನು ಬಿಟ್ಟುಬಿಡುವುದೇ ವಾಸಿ.

• ಕ್ಯಾಮೆರಾ: ಸೆಲ್ಫಿ ಕ್ಯಾಮೆರಾ ಬೇಡ, ಹಿಂಬದಿಯದೇ ಇರಲಿ. ‘ಬ್ಯೂಟಿ’ ಆಯ್ಕೆ ಆಫ್ ಆಗಿದೆಯೇ ನೋಡಿ. ಎಷ್ಟೋ ಮೊಬೈಲುಗಳು ಹೇಳದೆ ಕೇಳದೆ ಚರ್ಮ ನುಣುಪು ಮಾಡಿಬಿಡುತ್ತವೆ. ಮೊಬೈಲನ್ನು ಕಣ್ಣಿನ ಎತ್ತರಕ್ಕೆ ಪುಸ್ತಕಗಳ ಮೇಲೆ ಆನಿಸಿ, ಟೈಮರ್ ಇಡಿ. ಕುರ್ಚಿಯ ಕಾಲು, ಮೊಬೈಲಿನ ಜಾಗ ಎರಡಕ್ಕೂ ನೆಲದಲ್ಲಿ ಟೇಪು ಅಂಟಿಸಿ.

• ಭಂಗಿ: ನೇರ ಮುಖ, ಅರ್ಧ ಬಲಕ್ಕೆ, ಅರ್ಧ ಎಡಕ್ಕೆ. ಪ್ರತಿಯೊಂದರಲ್ಲೂ ಒಂದು ನಗದೆ, ಒಂದು ಹಲ್ಲು ಕಾಣುವಂತೆ ನಕ್ಕು. ಒಟ್ಟು ಆರು. ತಿರುಗುವಾಗ ಇಡೀ ದೇಹ ತಿರುಗಲಿ, ದೀಪ ಮುಟ್ಟಬೇಡಿ.

ಮೊದಲ ಸಲ ಸತತ ಎರಡು ಸಂಜೆ ತೆಗೆದು ಹೋಲಿಸಿ. ಒಂದು ದಿನದಲ್ಲಿ ಸುಕ್ಕು ಬದಲಾಗದು. ಆದರೂ ಚಿತ್ರಗಳಲ್ಲಿ ವ್ಯತ್ಯಾಸ ಕಂಡರೆ ಅದು ನಿಮ್ಮ ಫೋಟೊ ಕ್ರಮದ ದೋಷ. ಅದನ್ನು ಸರಿಪಡಿಸಿದ ಮೇಲೇ ಮುಂದಿನ ಹಂತ.

ಹಂತ 8: ಯಾವ ಕಡೆ ಯಾವುದು? ನಾಣ್ಯ ಚಿಮ್ಮಿ

‘ಬಲಗಡೆ ಸುಕ್ಕು ಜಾಸ್ತಿ, ಹೊಸದು ಅಲ್ಲಿಗೇ ಇರಲಿ’ ಎಂದು ನೀವೇ ತೀರ್ಮಾನಿಸಬೇಡಿ. ಮುಖದ ಎರಡು ಪಕ್ಕಗಳು ಸಮನಾಗಿ ಮುಪ್ಪಾಗುವುದಿಲ್ಲ. ಅಮೆರಿಕದಲ್ಲಿ 28 ವರ್ಷ ಲಾರಿ ಓಡಿಸಿದ 69ರ ಚಾಲಕರೊಬ್ಬರ ಚಿತ್ರ 2012ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂತು. ಕಿಟಕಿಯ ಕಡೆಗಿದ್ದ ಅವರ ಎಡಗೆನ್ನೆ, ಎಡಗಣ್ಣಿನ ಸುತ್ತ ಆಳವಾದ ನೆರಿಗೆಗಳು. ಬಲಭಾಗ ಹತ್ತಿಪ್ಪತ್ತು ವರ್ಷ ಕಿರಿಯರದೇನೋ ಎನ್ನುವಂತಿತ್ತು. ಅತಿನೇರಳೆಯ ‘ಎ’ ಕಿರಣ ಪಕ್ಕದ ಗಾಜಿನ ಮೂಲಕವೂ ಬರುತ್ತದೆ. ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕಿರುವುದರಿಂದ ಕಾರು, ಬಸ್ಸು ಓಡಿಸುವವರಿಗೆ ಹೆಚ್ಚು ಬಿಸಿಲು ಬೀಳುವುದು ಬಲಗಡೆಗೆ. ದಿನವೂ ಒಂದೇ ಮಗ್ಗುಲಲ್ಲಿ ಮಲಗುವವರಿಗೆ ಆ ಕಡೆ ಗೆರೆ ಹೆಚ್ಚಿರಬಹುದು. ಹೀಗಿರುವಾಗ ಆಯ್ಕೆಯನ್ನು ನಾಣ್ಯಕ್ಕೆ ಬಿಡುವುದೇ ನ್ಯಾಯ. ತಲೆ ಬಿದ್ದರೆ ಬಲಗಣ್ಣಿಗೆ ಹೊಸದು, ಹೂವು ಬಿದ್ದರೆ ಎಡಗಣ್ಣಿಗೆ.

ನಾಣ್ಯ ಏನು ಹೇಳಿತೆಂದು ಬರೆದು ಲಕೋಟೆಯಲ್ಲಿ ಅಂಟಿಸಿಡಿ. ಬಣ್ಣ, ವಾಸನೆಯಿಂದ ಕ್ರೀಮು ಯಾವುದೆಂದು ನಿಮಗಂತೂ ಗೊತ್ತಾಗುತ್ತದೆ. ಅದಕ್ಕೇ ಕೊನೆಯ ತೀರ್ಪು ನಿಮ್ಮದಲ್ಲ. ಮುಂದೆ ಫೋಟೊ ನೋಡಿ ಹೇಳಬೇಕಾದವರಿಗೆ ಮಾತ್ರ ಈ ವಿಷಯ ತಿಳಿಯಬಾರದು.

ಹಂತ 9: ಹಚ್ಚುವ ಕ್ರಮ

ರಾತ್ರಿ ಮುಖ ತೊಳೆದು ಪೂರ್ತಿ ಒಣಗಿಸಿ. ಒಂದು ಕಣ್ಣಿಗೆ ಅರ್ಧ ಬಟಾಣಿಯಷ್ಟು, ಸುಮಾರು 0.1 ಮಿಲಿಲೀಟರ್ ಸಾಕು. ಬೆರಳಿನಿಂದ ಮುಟ್ಟಿದರೆ ಕಣ್ಣಗುಳಿಯ ಸುತ್ತ ಗಟ್ಟಿ ಎಲುಬು ಸಿಗುತ್ತದಲ್ಲ, ಆ ಎಲುಬಿನ ಮೇಲೆ ಮತ್ತು ಹೊರ ಅಂಚಿನಲ್ಲಿ ಉಂಗುರ ಬೆರಳಿನಿಂದ ತಟ್ಟಿ ಹಚ್ಚಿ. ರೆಪ್ಪೆಯ ಮೇಲೆ, ಕೂದಲ ಬುಡದಲ್ಲಿ ಬೇಡ; ದೇಹದ ಬಿಸಿಗೆ ಕ್ರೀಮು ಹರಡಿ ತಾನೇ ಒಳಗೆ ಸರಿಯುತ್ತದೆ.

ಬಲಕ್ಕೆ ಬಲಗೈ, ಎಡಕ್ಕೆ ಎಡಗೈ. ಒಂದೇ ಬೆರಳು ಎರಡೂ ಕಡೆ ಓಡಾಡಿದರೆ ಪರೀಕ್ಷೆ ಕೆಟ್ಟಂತೆ. ಹಚ್ಚಿದ ಮೇಲೆ ಕೈ ತೊಳೆಯಿರಿ, 20 ನಿಮಿಷದ ನಂತರ ಮಲಗಿ. ರೆಟಿನಾಲ್ ಆದರೆ ಮೊದಲ ಎರಡು ವಾರ ವಾರಕ್ಕೆ ಎರಡು ರಾತ್ರಿ, ಆಮೇಲೆ ರಾತ್ರಿ ಬಿಟ್ಟು ರಾತ್ರಿ, ಚರ್ಮ ಒಪ್ಪಿದರೆ ಮಾತ್ರ ದಿನವೂ. ಹೊಸದು ಹಚ್ಚದ ರಾತ್ರಿಗಳಲ್ಲಿ ಆ ಕಡೆಗೂ ಸಾದಾ ಕ್ರೀಮು ಹಚ್ಚಿ. ಸಾದಾ ಕಡೆಗೆ ಪ್ರತಿ ರಾತ್ರಿಯೂ ಅದೇ. ಹಚ್ಚಿದ್ದು, ಮರೆತದ್ದು ಎರಡನ್ನೂ ಬರೆದಿಡಿ.

ಹಂತ 10: 12 ವಾರ ಕಾಯಿರಿ

ಮೊದಲ ಗಂಟೆಗಳಲ್ಲಿ ಕಾಣುವುದು ನೀರಿನ ಕೆಲಸ. ಗ್ಲಿಸರಿನ್, ಹೈಯಲುರಾನಿಕ್ ಆಮ್ಲ ಚರ್ಮದ ಮೇಲ್ಪದರವನ್ನು ಉಬ್ಬಿಸುತ್ತವೆ. ಡೈಮೆಥಿಕೋನ್‌ನಂಥ ಸಿಲಿಕೋನ್‌ಗಳು ಗೆರೆಯ ಕಣಿವೆ ತುಂಬಿ ಬೆಳಕನ್ನು ಚದುರಿಸುತ್ತವೆ. ಮೊದಲ ನಾಲ್ಕು ವಾರಗಳಲ್ಲಿ ಕಾಣುವುದು ಹೊರ ಪದರದ ಬದಲಾವಣೆ. ಅದು ಹೊಸದಾಗಿ ಮೂಡಲು ಸುಮಾರು 28 ದಿನ ಬೇಕು, ವಯಸ್ಸಾದಂತೆ ಇನ್ನೂ ಹೆಚ್ಚು. ಕೊಲ್ಯಾಜೆನ್ ಮಟ್ಟದ ಬದಲಾವಣೆಗೆ ತಿಂಗಳುಗಳೇ ಬೇಕು. ಹದಿನೈದು ದಿನಕ್ಕೆ ‘ಏನೂ ಆಗಲಿಲ್ಲ’ ಎಂದು ಬಿಡುವುದೂ ‘ಅದ್ಭುತ’ ಎಂದು ಹೊಗಳುವುದೂ ಆತುರವೇ.

ನಾಲ್ಕನೆಯ, ಎಂಟನೆಯ, ಹನ್ನೆರಡನೆಯ ವಾರದ ಕೊನೆಗೆ ಹಿಂದಿನ ಕ್ರಮದಲ್ಲೇ ಆರು ಫೋಟೊ ತೆಗೆದು, ನೋಡದೆ ಒಂದು ಫೋಲ್ಡರಿಗೆ ಹಾಕಿ. ನಡುವೆ ಊರು ಬದಲಾದರೂ ಹೆದರಬೇಕಿಲ್ಲ. ಏಪ್ರಿಲಿನ ಕಲಬುರಗಿಯ ಒಣಗಾಳಿಯಿಂದ ಜುಲೈನ ಮಂಗಳೂರಿಗೆ ಹೋದರೆ ಯಾರ ಚರ್ಮವಾದರೂ ಮೆತ್ತಗಾಗುತ್ತದೆ. ಆದರೆ ಎರಡು ಕಣ್ಣೂ ನಿಮ್ಮ ಜೊತೆಯಲ್ಲೇ ಪ್ರಯಾಣ ಮಾಡಿರುವುದರಿಂದ ಆ ಲಾಭ ಎರಡಕ್ಕೂ ಸಮ. ಎರಡು ಪಕ್ಕ ಹೋಲಿಸುವ ಕ್ರಮದ ದೊಡ್ಡ ಉಪಯೋಗ ಇದೇ.

ಈ ಲಕ್ಷಣ ಕಂಡರೆ ಆ ದಿನವೇ ನಿಲ್ಲಿಸಿ: ಬಿಡದ ಉರಿ, ರೆಪ್ಪೆ ಊತ, ನೀರು ತುಂಬಿದ ಗುಳ್ಳೆ, ಕಣ್ಣು ಕೆಂಪಾಗುವುದು. ದೃಷ್ಟಿ ಮಂಜಾದರೆ, ಬೆಳಕು ನೋಡಲಾಗದಷ್ಟು ನೋವಿದ್ದರೆ ಕಣ್ಣಿನ ವೈದ್ಯರಲ್ಲಿಗೆ ತಕ್ಷಣ ಹೋಗಿ. ಹೋಗುವಾಗ ಟ್ಯೂಬನ್ನೂ ಒಯ್ಯಿರಿ. ರೆಟಿನಾಲ್‌ನಿಂದ ತುಸು ಒಣಗಿ ಸಿಪ್ಪೆ ಏಳುವುದು ಸಾಮಾನ್ಯ. ಅಂಥಾಗ ಎರಡು ಮೂರು ರಾತ್ರಿ ಬಿಡುವು ಕೊಟ್ಟು, ಹಚ್ಚುವ ರಾತ್ರಿಗಳನ್ನು ಕಡಿಮೆ ಮಾಡಿ. ಇನ್ನೊಂದು ಎಚ್ಚರಿಕೆ: ಕೆರಳಿದ ಚರ್ಮ ಸ್ವಲ್ಪ ಬಾತುಕೊಂಡಾಗಲೂ ಗೆರೆ ಮುಚ್ಚಿಹೋಗುತ್ತದೆ. ಅದನ್ನು ಗುಣವೆಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಹಂತ 11: ತೀರ್ಪು ಬೇರೆಯವರದು

ಮೊದಲ ದಿನದ ಮತ್ತು ಹನ್ನೆರಡನೆಯ ವಾರದ, ನಗದ ಫೋಟೊಗಳನ್ನು ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ ಎಡಬಲ ತಿರುಗಿಸಿದ ಇನ್ನೊಂದು ಪ್ರತಿ ಮಾಡಿ. ಮೊಬೈಲಿನ ಎಡಿಟ್‌ನಲ್ಲೇ ಅದಕ್ಕೆ ಅವಕಾಶವಿದೆ. ದಿನಾಂಕ ತೆಗೆದು ಎಲ್ಲವನ್ನೂ ಕಲಸಿಬಿಡಿ. ನಾಣ್ಯದ ವಿಷಯ ಗೊತ್ತಿಲ್ಲದ ನಾಲ್ಕೈದು ಜನರಿಗೆ, ಒಬ್ಬೊಬ್ಬರಿಗೇ ಬೇರೆ ಬೇರೆಯಾಗಿ ತೋರಿಸಿ.

ಕೇಳುವ ಮಾತು ಒಂದೇ ಇರಲಿ: “ಅತ್ತೆ, ಈ ಫೋಟೊದಲ್ಲಿ ಯಾವ ಕಣ್ಣಂಚಿನಲ್ಲಿ ಗೆರೆ ಕಡಿಮೆ ಇದೆ? ಎಡವೋ, ಬಲವೋ, ಎರಡೂ ಒಂದೇನೋ?” “ಹೊಸ ಕ್ರೀಮು ಹಚ್ಚಿದ್ದೆ, ಚೆನ್ನಾಗಿ ಕಾಣ್ತಿದೀನಾ?” ಎಂದು ಕೇಳಿದರೆ ಪ್ರೀತಿಯಿರುವವರು ಹೂಂ ಎನ್ನುತ್ತಾರೆ, ಅದರಿಂದ ನಿಮಗೇನೂ ತಿಳಿಯದು.

ಉತ್ತರಗಳನ್ನು ಹೀಗೆ ಓದಿ. ಮೂಲ ಚಿತ್ರದಲ್ಲಿ ಒಂದು ಕಣ್ಣು, ತಿರುಗಿಸಿದ ಪ್ರತಿಯಲ್ಲಿ ಇನ್ನೊಂದು ಕಣ್ಣು ಆರಿಸಿದವರು ಊಹಿಸುತ್ತಿದ್ದಾರೆ. ಅವರನ್ನು ‘ಎರಡೂ ಒಂದೇ’ ಎಂದವರ ಜೊತೆ ಸೇರಿಸಿ. ಮೊದಲ ದಿನದ ಫೋಟೊದಲ್ಲೇ ಒಂದು ಕಣ್ಣು ಗೆದ್ದಿದ್ದು, ಹನ್ನೆರಡನೆಯ ವಾರದಲ್ಲೂ ಅದೇ ಗೆದ್ದರೆ ಕ್ರೀಮಿಗೆ ಅಂಕ ಇಲ್ಲ. ಮೊದಲ ದಿನ ಸಮವಾಗಿದ್ದು ಅಥವಾ ಹಿಂದಿದ್ದು, ಕೊನೆಗೆ ಬಹುತೇಕ ಎಲ್ಲರೂ ಒಂದೇ ಕಣ್ಣನ್ನು ಆರಿಸಿದರೆ ಮಾತ್ರ ಲಕೋಟೆ ಬಿಡಿಸಿ ನೋಡುವುದರಲ್ಲಿ ಅರ್ಥವಿದೆ. ಐವರಲ್ಲಿ ಮೂವರು ಹೇಳಿದರೆಂದು ಹಿಗ್ಗಬೇಡಿ. ಕಣ್ಣುಮುಚ್ಚಿ ಆರಿಸಿದರೂ ಅಷ್ಟು ಬರುತ್ತದೆ.

ಹಂತ 12: ಬಿಟ್ಟು ನೋಡಿ, ಲೆಕ್ಕ ಹಾಕಿ

ಹೊಸದು ಗೆದ್ದಿದ್ದರೆ ಇನ್ನೊಂದು ಪರೀಕ್ಷೆ ಬಾಕಿಯಿದೆ. ಎರಡು ವಾರ ಅದನ್ನು ನಿಲ್ಲಿಸಿ, ಎರಡೂ ಕಡೆಗೆ ಸಾದಾ ಕ್ರೀಮು ಹಚ್ಚಿ ಮತ್ತೆ ಫೋಟೊ ತೆಗೆಯಿರಿ. ವ್ಯತ್ಯಾಸ ಪೂರ್ತಿ ಕರಗಿಹೋದರೆ ನೀವು ಕೊಂಡದ್ದು ತೇವ ಹಿಡಿದಿಡುವ ಕ್ರೀಮು, ಬಳಸುವಷ್ಟು ದಿನ ಮಾತ್ರ ಫಲ. ಉಳಿದುಕೊಂಡರೆ ಚರ್ಮದಲ್ಲಿ ಏನೋ ಬದಲಾಗಿದೆ ಎನ್ನಲು ಕಾರಣವಿದೆ.

ಆಮೇಲೆ ದುಡ್ಡಿನ ಲೆಕ್ಕ. ಉದಾಹರಣೆಗೆ 15 ಮಿಲಿಲೀಟರ್ ಟ್ಯೂಬಿಗೆ 1,500 ರೂಪಾಯಿ ಎಂದುಕೊಳ್ಳಿ. ಎರಡು ಕಣ್ಣಿಗೆ ರಾತ್ರಿಗೆ 0.2 ಮಿಲಿಲೀಟರಿನಂತೆ ಅದು 75 ದಿನ ಬರುತ್ತದೆ. ವರ್ಷಕ್ಕೆ ಐದು ಟ್ಯೂಬು, 7,500 ರೂಪಾಯಿ. 100 ಮಿಲಿಲೀಟರಿಗೆ 300 ರೂಪಾಯಿಯ ಸಾದಾ ಕ್ರೀಮು ಇದೇ ಅಳತೆಯಲ್ಲಿ ವರ್ಷ ಪೂರ್ತಿ ಬಂದು ಇನ್ನೂ ಉಳಿಯುತ್ತದೆ. ಫೋಟೊದಲ್ಲಿ ಕಂಡ ಆ ಒಂದು ಗೆರೆಯ ವ್ಯತ್ಯಾಸಕ್ಕೆ ವರ್ಷಕ್ಕೆ 7,200 ರೂಪಾಯಿ ಹೆಚ್ಚು ಕೊಡಬಹುದೇ ಎಂಬುದನ್ನು ನೀವೇ ನಿರ್ಧರಿಸಬೇಕು. ಹೌದು ಎಂದರೂ ತಪ್ಪಿಲ್ಲ, ಈಗ ಅದು ಕಂಡು ಕೊಟ್ಟ ದುಡ್ಡು.

ಈ ಪರೀಕ್ಷೆಯ ಮಿತಿಯೂ ನೆನಪಿರಲಿ. ಇದು ಹೇಳುವುದು ನಿಮ್ಮ ಚರ್ಮದ ಬಗ್ಗೆ ಮಾತ್ರ. ನಿಮಗೆ ಒಗ್ಗಿದ್ದು ತಂಗಿಗೂ ಒಗ್ಗೀತು ಎನ್ನಲಾಗದು. ಆಕೆಗೆ ಟ್ಯೂಬು ಕೊಡುವ ಬದಲು ಈ ಕ್ರಮವನ್ನು ಹೇಳಿಕೊಡಿ. ಪೊಟ್ಟಣದ ಮೇಲೆ ಬರೆದದ್ದಕ್ಕೂ ಒಳಗಿದ್ದದ್ದಕ್ಕೂ ತಾಳೆಯಾಗದಿದ್ದರೆ, ಅವಧಿ ಮುಗಿದದ್ದನ್ನು ಕೊಟ್ಟಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅದಕ್ಕಾಗಿ ರಸೀದಿ ಮತ್ತು ಖಾಲಿ ಪೊಟ್ಟಣ ಎಸೆಯಬೇಡಿ.

ಎರಡು ಕಣ್ಣೂ ಸಮ ಎಂದು ತೀರ್ಪು ಬಂದರೆ ಅದೂ ಫಲಿತಾಂಶವೇ. ಮುಂದಿನ ಟ್ಯೂಬಿನ ಹಣವನ್ನು ಸನ್‌ಸ್ಕ್ರೀನಿಗೂ ಅಗಲ ಅಂಚಿನ ಟೋಪಿಗೂ ಹಾಕಿ. ಬೇರೆ ಕ್ರೀಮಿನ ಮೇಲೆ ಮನಸ್ಸಾದರೆ ಎರಡು ವಾರ ಬಿಡುವು ಕೊಟ್ಟು, ಹೊಸ ಪುಟ ತೆರೆದು, ತೋಳಿನ ಪರೀಕ್ಷೆಯಿಂದಲೇ ಮತ್ತೆ ಶುರುಮಾಡಿ.